47 ವರ್ಷ ಮಾತು ಬಿಟ್ಟಿದ್ದ ದೇಶ: ಭಾರತ ಮತ್ತು ದಕ್ಷಿಣ ಆಫ್ರಿಕಾ

2025ರ ನವೆಂಬರ್ 22ರಂದು ದಕ್ಷಿಣ ಆಫ್ರಿಕಾದ ಹೆಸರು ನಮ್ಮ ಸುದ್ದಿಗಳಲ್ಲಿ ಎರಡು ಕಡೆ ಕಾಣಿಸಿತು. ಜೋಹಾನ್ಸ್‌ಬರ್ಗ್‌ನಲ್ಲಿ ಜಿ20 ಶೃಂಗಸಭೆ ಶುರುವಾಗಿತ್ತು. ಆಫ್ರಿಕಾದ ನೆಲದಲ್ಲಿ ಆ ಸಭೆ ನಡೆದದ್ದು ಅದೇ ಮೊದಲು. ಅದೇ ದಿನ ಗುವಾಹಟಿಯಲ್ಲಿ ಆ ದೇಶದ ಕ್ರಿಕೆಟ್ ತಂಡ ನಮ್ಮ ವಿರುದ್ಧ ಟೆಸ್ಟ್ ಆಡಲು ಇಳಿದಿತ್ತು. ಇದರಲ್ಲಿ ವಿಶೇಷ ಏನಿದೆ ಅನಿಸಬಹುದು, ಅಲ್ವಾ?

ಮನೆಯಲ್ಲಿ ಯಾರದ್ದಾದರೂ ಎಪ್ಪತ್ತು-ಎಂಬತ್ತರ ದಶಕದ ಪಾಸ್‌ಪೋರ್ಟ್ ಉಳಿದಿದ್ದರೆ ತೆಗೆದು ನೋಡಿ. ದಕ್ಷಿಣ ಆಫ್ರಿಕಾ ಗಣರಾಜ್ಯಕ್ಕೆ ಹೋಗಲು ಇದು ಸಲ್ಲುವುದಿಲ್ಲ ಎಂಬ ಮಾತು ಅದರಲ್ಲಿ ಇರುತ್ತಿತ್ತು. ಅಲ್ಲಿಗೆ ನಮ್ಮ ಆಟಗಾರರು ಹೋಗುತ್ತಿರಲಿಲ್ಲ, ಸರಕು ಹೋಗುತ್ತಿರಲಿಲ್ಲ. ಆ ದೇಶದಲ್ಲಿ ನಮ್ಮ ಕಚೇರಿಯೂ ಇರಲಿಲ್ಲ. ಈ ಮುನಿಸು 1946ರಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಅಂದರೆ ನಮಗೆ ಸ್ವಾತಂತ್ರ್ಯ ಬರುವ ಮೊದಲೇ ಭಾರತ ಈ ದೇಶದ ಜೊತೆ ಮಾತು ಬಿಟ್ಟಿತ್ತು. ಬ್ರಿಟಿಷರ ಕೈಕೆಳಗಿದ್ದ ಒಂದು ದೇಶ ಬ್ರಿಟಿಷ್ ಸಾಮ್ರಾಜ್ಯದ್ದೇ ಇನ್ನೊಂದು ದೇಶವನ್ನು ದೂರ ಇಟ್ಟಿದ್ದು ಹೇಗೆ? ಕಥೆಯ ಕುತೂಹಲವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ದೇಶಗಳು ಮಾತು ಬಿಡುವುದು ಹೇಗೆ

ಮೊದಲು ಒಂದಿಷ್ಟು ಮೂಲ ವಿಷಯ. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಇದೆ ಎಂದರೆ, ಒಬ್ಬರ ರಾಜಧಾನಿಯಲ್ಲಿ ಇನ್ನೊಬ್ಬರ ಪ್ರತಿನಿಧಿ ಕೂತಿರುತ್ತಾರೆ. ಅವರಿಗೊಂದು ಕಚೇರಿ, ಸಿಬ್ಬಂದಿ, ರಕ್ಷಣೆ ಇರುತ್ತದೆ. ತಮ್ಮ ಸರ್ಕಾರದ ಮಾತನ್ನು ಅಲ್ಲಿಗೆ ಮುಟ್ಟಿಸುವುದು, ಅಲ್ಲಿರುವ ತಮ್ಮ ಜನರ ಕಷ್ಟ ಕೇಳುವುದು, ವ್ಯಾಪಾರದ ದಾರಿ ಸರಾಗ ಮಾಡುವುದು ಇವರ ಕೆಲಸ. ಈ ಪ್ರತಿನಿಧಿಯನ್ನು ಸಾಮಾನ್ಯವಾಗಿ ರಾಯಭಾರಿ ಎನ್ನುತ್ತಾರೆ. ಹಿಂದೆ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದು ಈಗ ಕಾಮನ್‌ವೆಲ್ತ್ ಕೂಟದಲ್ಲಿರುವ ದೇಶಗಳು ಪರಸ್ಪರ ಕಳಿಸುವ ಪ್ರತಿನಿಧಿಗೆ ಹೈಕಮಿಷನರ್ ಎಂಬ ಹೆಸರು. ಕೆಲಸ ಎರಡೂ ಒಂದೇ.

ಸಂಬಂಧ ಕಡಿಯುವುದು ಒಂದೇ ಏಟಿಗೆ ಆಗುವುದಿಲ್ಲ. ನೆಂಟರ ನಡುವೆ ಜಗಳವಾದಾಗ ಏನಾಗುತ್ತದೆ ನೋಡಿ. ಮೊದಲು ಹೋಗಿ ಬರುವುದು ನಿಲ್ಲುತ್ತದೆ, ಆಮೇಲೆ ಕೊಡು-ಕೊಳ್ಳುವುದು, ಕೊನೆಗೆ ಲಗ್ನಪತ್ರಿಕೆ ಕೊಡುವುದು. ದೇಶಗಳೂ ಹಾಗೇ. ಮೊದಲು ಪ್ರತಿನಿಧಿಯನ್ನು ವಾಪಸ್ ಕರೆಸುತ್ತಾರೆ, ಆದರೆ ಕಚೇರಿ ಕೆಳಗಿನ ಅಧಿಕಾರಿಗಳ ಕೈಯಲ್ಲಿ ನಡೆಯುತ್ತಿರುತ್ತದೆ. ನಂತರ ವ್ಯಾಪಾರ ನಿಲ್ಲಿಸಬಹುದು. ಕಚೇರಿಗೆ ಬೀಗ ಹಾಕುವುದು ಕೊನೆಯ ಹಂತ. ಭಾರತ ಈ ಎಲ್ಲ ಹಂತಗಳನ್ನೂ ಒಂದೊಂದಾಗಿ ದಾಟಿತು. ಅದಕ್ಕೆ ಎಂಟು ವರ್ಷ ಹಿಡಿಯಿತು.

ಕಬ್ಬಿನ ತೋಟಕ್ಕೆ ಹೋದವರು

ಎಲ್ಲದಕ್ಕೂ ಮೂಲ ಕಬ್ಬು. ಇಂದಿನ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ನಟಾಲ್ ಎಂಬ ಬ್ರಿಟಿಷ್ ವಸಾಹತು ಇತ್ತು. ಅಲ್ಲಿನ ಬಿಳಿಯ ತೋಟಗಾರರಿಗೆ ಕೂಲಿಗಳು ಬೇಕಿದ್ದರು. 1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದರಾಸಿನಿಂದ 342 ಜನರನ್ನು ಹೊತ್ತು ಡರ್ಬನ್ ಬಂದರಿಗೆ ಬಂತು. ಇವರು ಕರಾರು ಕೂಲಿಗಳು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದವರು. ಮೊದಲ ವರ್ಷದ ಕೂಲಿ ತಿಂಗಳಿಗೆ 10 ಶಿಲ್ಲಿಂಗ್. 1911ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 1.5 ಲಕ್ಷ ಜನ ಹೀಗೆ ಹೋಗಿದ್ದರು. ಅವರಲ್ಲಿ ತಮಿಳು, ತೆಲುಗು ಮಾತಾಡುವವರು ಜಾಸ್ತಿ. ಅವರ ಹಿಂದೆಯೇ ಗುಜರಾತಿನ ವ್ಯಾಪಾರಿಗಳೂ ಸ್ವಂತ ಖರ್ಚಿನಲ್ಲಿ ಹೋದರು.

ಕರಾರು ಮುಗಿದ ಮೇಲೆ ಬಹಳ ಜನ ಅಲ್ಲೇ ಉಳಿದರು. ತರಕಾರಿ ಬೆಳೆದರು, ಅಂಗಡಿ ಇಟ್ಟರು. ಬಿಳಿಯರಿಗೆ ಕೂಲಿಗಳಾಗಿ ಬೇಕಾಗಿದ್ದವರು ಪಕ್ಕದ ಮನೆಯವರಾಗಿ ಬೇಕಾಗಿರಲಿಲ್ಲ. 1895ರಲ್ಲಿ ನಟಾಲ್ ಸರ್ಕಾರ ಒಂದು ಕಾನೂನು ತಂದಿತು. ಕರಾರು ಮುಗಿಸಿ ಅಲ್ಲೇ ಉಳಿಯುವವರು ವರ್ಷಕ್ಕೆ 3 ಪೌಂಡ್ ತಲೆಗಂದಾಯ ಕಟ್ಟಬೇಕು. ಮೇಲೆ ಹೇಳಿದ ಕೂಲಿಯ ಲೆಕ್ಕದಲ್ಲಿ ಇದು ಆರು ತಿಂಗಳ ದುಡಿಮೆ.

ಒಂದು ವ್ಯಾಪಾರಿ ಸಂಸ್ಥೆಯ ಮೊಕದ್ದಮೆಗೆಂದು ಗಾಂಧಿ ಅಲ್ಲಿಗೆ ಹೋದದ್ದು 1893ರಲ್ಲಿ. ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಹೊರಹಾಕಿದ ಕಥೆ ನಮಗೆಲ್ಲ ಗೊತ್ತು, ಅದನ್ನು ಮತ್ತೆ ಹೇಳಬೇಕಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು 1914. ಆ ವರ್ಷ ಗಾಂಧಿ ಮತ್ತು ಅಲ್ಲಿನ ಸಚಿವ ಯಾನ್ ಸ್ಮಟ್ಸ್ ನಡುವೆ ಒಪ್ಪಂದವಾಗಿ 3 ಪೌಂಡ್ ತೆರಿಗೆ ಹೋಯಿತು. ಗಾಂಧಿ ಊರಿಗೆ ಹೊರಟರು. ಸ್ಮಟ್ಸ್ ಹೆಸರನ್ನು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಅವರು ಇನ್ನೊಮ್ಮೆ ಬರುತ್ತಾರೆ.

ಒಬ್ಬ ಏಜೆಂಟ್, ಆಮೇಲೆ ಒಬ್ಬ ಮಂಗಳೂರಿಗ

ಇಪ್ಪತ್ತರ ದಶಕದಲ್ಲಿ ಭಾರತೀಯರನ್ನು ಬೇರೆ ಕೇರಿಗಳಿಗೆ ತಳ್ಳುವ ಮಸೂದೆಯ ಮಾತು ಎದ್ದಿತು. ಎರಡೂ ಸರ್ಕಾರಗಳು ಕೂತು ಮಾತಾಡಿ 1927ರಲ್ಲಿ ಕೇಪ್‌ಟೌನ್ ಒಪ್ಪಂದ ಮಾಡಿಕೊಂಡವು. ಮಸೂದೆಯನ್ನು ಕೈಬಿಡುತ್ತೇವೆ ಎಂದು ದಕ್ಷಿಣ ಆಫ್ರಿಕಾ ಹೇಳಿತು. ವಾಪಸ್ ಬರಲು ಇಷ್ಟವಿರುವ ಭಾರತೀಯರು ಸಹಾಯಧನ ಪಡೆದು ಬರಬಹುದು ಎಂದು ಭಾರತ ಒಪ್ಪಿತು. ಇದರ ಜೊತೆಗೆ ಭಾರತ ಸರ್ಕಾರದ ಒಬ್ಬ ಏಜೆಂಟ್ ದಕ್ಷಿಣ ಆಫ್ರಿಕಾದಲ್ಲೇ ಇರುವುದು ಎಂದಾಯಿತು. ಎರಡು ದೇಶಗಳ ನಡುವಿನ ಅಧಿಕೃತ ಸಂಬಂಧ ಶುರುವಾದದ್ದು ಇಲ್ಲಿಂದ ಎನ್ನಬಹುದು.

ಮೊದಲ ಏಜೆಂಟ್ ವಿ.ಎಸ್. ಶ್ರೀನಿವಾಸ ಶಾಸ್ತ್ರಿ, ಇಂಗ್ಲಿಷ್ ಭಾಷಣಕ್ಕೆ ಹೆಸರಾಗಿದ್ದವರು. ಅಲ್ಲಿನ ಭಾರತೀಯ ಮಕ್ಕಳ ಓದಿಗಾಗಿ ಹಣ ಕೂಡಿಸಿದರು. ಡರ್ಬನ್ನಿನಲ್ಲಿ ಎದ್ದ ಶಾಲೆಗೆ ಅವರದೇ ಹೆಸರು, ಶಾಸ್ತ್ರಿ ಕಾಲೇಜು.

ಈ ಹುದ್ದೆಗೆ 1938ರಲ್ಲಿ ಬಂದವರು ಬೆನಗಲ್ ರಾಮರಾವ್, ನಮ್ಮ ಮಂಗಳೂರು ಕಡೆಯವರು. ಅಷ್ಟು ಹೊತ್ತಿಗೆ ಹುದ್ದೆಯ ಹೆಸರು ಏಜೆಂಟ್ ಜನರಲ್ ಎಂದಾಗಿತ್ತು, ಅವರ ಕಾಲ ಮುಗಿಯುವ 1941ರಲ್ಲಿ ಹೈಕಮಿಷನರ್ ಎಂದಾಯಿತು. ಹೆಸರು ದೊಡ್ಡದಾದಂತೆ ಮಾತಿಗೆ ಬೆಲೆಯೇನೂ ಏರಲಿಲ್ಲ. ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಅವರ ಅಣ್ಣ ಬಿ.ಎನ್. ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಅವರು 1949ರಿಂದ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ತಮ್ಮ ರಾಮರಾವ್ ಕೆಲಸ ಮಾಡಿ ಬಂದಿದ್ದ ದೇಶದ ವಿರುದ್ಧದ ದೂರು ಆ ವರ್ಷಗಳಲ್ಲಿ ಅಣ್ಣನ ಮೇಜಿನ ಮೇಲಿತ್ತು.

1946: ದೂರು ಕೊಟ್ಟವರು ಯಾರು, ಯಾರ ಮೇಲೆ

1943ರಲ್ಲಿ ದಕ್ಷಿಣ ಆಫ್ರಿಕಾ ಒಂದು ತಾತ್ಕಾಲಿಕ ಕಾನೂನು ತಂದು ಡರ್ಬನ್ನಿನಲ್ಲಿ ಬಿಳಿಯರು ಮತ್ತು ಭಾರತೀಯರ ನಡುವೆ ಆಸ್ತಿ ಕೊಡು-ಕೊಳ್ಳುವುದನ್ನು ತಡೆಯಿತು. 1946ರ ಜೂನ್‌ನಲ್ಲಿ ಅದನ್ನೇ ಕಾಯಂ ಮಾಡುವ ಕಾನೂನು ಬಂತು. ಸರ್ಕಾರ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಭಾರತೀಯರು ಆಸ್ತಿ ಕೊಳ್ಳಬಹುದು, ಅಲ್ಲಿ ಮಾತ್ರ ವಾಸ ಮಾಡಬಹುದು. ಬದಲಿಗೆ ಸಂಸತ್ತಿನಲ್ಲಿ ಅವರ ಪರವಾಗಿ ಮಾತಾಡಲು ಕೆಲವು ಸ್ಥಾನ ಕೊಡುತ್ತೇವೆ, ಆದರೆ ಅಲ್ಲಿ ಕೂರುವವರು ಬಿಳಿಯರೇ ಆಗಿರಬೇಕು! ಅಲ್ಲಿನ ಭಾರತೀಯರು ಇದಕ್ಕೆ 'ಘೆಟ್ಟೋ ಕಾನೂನು', ಅಂದರೆ ಜನರನ್ನು ಬೇರೆ ಕೇರಿಗೆ ದೂಡುವ ಕಾನೂನು, ಎಂದೇ ಹೆಸರಿಟ್ಟರು. ಡಾ. ಮಾಂಟಿ ನಾಯ್ಕರ್ ಮತ್ತು ಡಾ. ಯೂಸುಫ್ ದಾದೂ ಮುಂದಾಳತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ಸುಮಾರು 2,000 ಜನ ಜೈಲಿಗೆ ಹೋದರು.

ದೆಹಲಿ ಹಂತ ಹಂತವಾಗಿ ಹೆಜ್ಜೆ ಇಟ್ಟಿತು. ಮೊದಲು ವ್ಯಾಪಾರ ಒಪ್ಪಂದ ಮುಗಿಸುವ ನೋಟಿಸ್ ಕೊಟ್ಟಿತು. ನಂತರ ಹೈಕಮಿಷನರನ್ನು ವಾಪಸ್ ಕರೆಸಿತು. ಜೂನ್ 22ರಂದು ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಜುಲೈ 17ರಿಂದ ವ್ಯಾಪಾರ ಬಂದ್. ಆಗ ಭಾರತದ ರಫ್ತಿನಲ್ಲಿ ದಕ್ಷಿಣ ಆಫ್ರಿಕಾದ ಪಾಲು ಸುಮಾರು ಶೇ 5. ಚಿಕ್ಕ ಮೊತ್ತವೇನಲ್ಲ.

ಇಲ್ಲಿ ದಿನಾಂಕಗಳನ್ನು ಗಮನಿಸಿ. ನೆಹರೂ ನೇತೃತ್ವದ ಮಧ್ಯಂತರ ಸರ್ಕಾರ ಬಂದದ್ದು ಸೆಪ್ಟೆಂಬರ್ 2ಕ್ಕೆ. ಅಂದರೆ ದೂರು ಕೊಟ್ಟಾಗ, ವ್ಯಾಪಾರ ನಿಲ್ಲಿಸಿದಾಗ ದೆಹಲಿಯಲ್ಲಿ ಇದ್ದದ್ದು ವೈಸರಾಯ್ ವೇವೆಲ್ ಸರ್ಕಾರ. ಅದಕ್ಕೆ ಈ ಧೈರ್ಯ ಎಲ್ಲಿಂದ ಬಂತು? ಎರಡು ಕಾರಣ. ಒಂದು, ಭಾರತ 1945ರಲ್ಲೇ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯನಾಗಿ ಸಹಿ ಹಾಕಿತ್ತು. ಸ್ವತಂತ್ರ ಆಗಿರದಿದ್ದರೂ ಆ ಸಭೆಯಲ್ಲಿ ಕುರ್ಚಿ ಇತ್ತು. ಇನ್ನೊಂದು, ಈ ವಿಷಯದಲ್ಲಿ ದೇಶದಲ್ಲಿ ಎಲ್ಲ ಪಕ್ಷಗಳೂ ಒಂದೇ ದನಿಯಲ್ಲಿದ್ದವು. ಹೊರಡುವ ತಯಾರಿಯಲ್ಲಿದ್ದ ಬ್ರಿಟಿಷ್ ಆಡಳಿತಕ್ಕೆ ಅದನ್ನು ತಳ್ಳಿಹಾಕುವ ಶಕ್ತಿ ಉಳಿದಿರಲಿಲ್ಲ.

ನ್ಯೂಯಾರ್ಕ್‌ನ ಸಭೆಗೆ ನೆಹರೂ ತಂಗಿ ವಿಜಯಲಕ್ಷ್ಮಿ ಪಂಡಿತ್ ಭಾರತದ ನಿಯೋಗವನ್ನು ಕರೆದೊಯ್ದರು. ಎದುರಿಗೆ ಕೂತಿದ್ದವರು ಅದೇ ಯಾನ್ ಸ್ಮಟ್ಸ್. ಈಗ ಅವರು ಪ್ರಧಾನಿ, ಫೀಲ್ಡ್ ಮಾರ್ಷಲ್. ತಮಾಷೆ ಏನೆಂದರೆ, ಮನುಷ್ಯರ ಮೂಲಭೂತ ಹಕ್ಕುಗಳ ಬಗ್ಗೆ ಮಾತಾಡುವ ವಿಶ್ವಸಂಸ್ಥೆಯ ಸನ್ನದಿನ ಮುನ್ನುಡಿಯನ್ನು ಮೊದಲು ಬರೆದುಕೊಟ್ಟವರಲ್ಲಿ ಇವರೇ ಪ್ರಮುಖರು.

ಸ್ಮಟ್ಸ್ ವಾದ ಹೀಗಿತ್ತು: ಈ ಭಾರತೀಯರು ನಮ್ಮ ದೇಶದ ಪ್ರಜೆಗಳು, ಇದು ನಮ್ಮ ಒಳಗಿನ ವಿಷಯ, ಒಳಗಿನ ವಿಷಯದಲ್ಲಿ ತಲೆ ಹಾಕಬಾರದು ಎಂದು ಸನ್ನದೇ ಹೇಳುತ್ತದೆ. ಬೇಕಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳೋಣ. ಭಾರತದ ವಾದ: 1914 ಮತ್ತು 1927ರಲ್ಲಿ ನೀವೇ ನಮ್ಮ ಜೊತೆ ಒಪ್ಪಂದ ಮಾಡಿಕೊಂಡಿದ್ದೀರಿ. ಎರಡು ಸರ್ಕಾರಗಳು ಸಹಿ ಹಾಕಿದ ವಿಷಯ ಒಬ್ಬರ ಮನೆಯೊಳಗಿನದು ಹೇಗಾಗುತ್ತದೆ? ಮೇಲಾಗಿ ಸನ್ನದಿನಲ್ಲಿ ಹಕ್ಕುಗಳ ಮಾತೂ ಇದೆಯಲ್ಲ.

ಡಿಸೆಂಬರ್ 8ರಂದು ಮತ ಹಾಕಿದರು. ನಿರ್ಣಯ ಪಾಸಾಗಲು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕಿತ್ತು. ಪರವಾಗಿ 32, ವಿರುದ್ಧ 15, ತಟಸ್ಥ 7. ತಟಸ್ಥರನ್ನು ಬಿಟ್ಟು ಲೆಕ್ಕ ಹಾಕಿದರೆ 47 ಮತ, ಅದರಲ್ಲಿ ಮೂರನೇ ಎರಡು ಎಂದರೆ ಕನಿಷ್ಠ 32. ಒಂದೇ ಒಂದು ಮತ ಆಚೆ ಹೋಗಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು. ಬ್ರಿಟನ್ ಮತ್ತು ಅಮೆರಿಕ ಎರಡೂ ಭಾರತದ ವಿರುದ್ಧ ಮತ ಹಾಕಿದ್ದವು.

ನಿರ್ಣಯದ ಮಾತು ಸೌಮ್ಯವಾಗಿತ್ತು. ಭಾರತೀಯರನ್ನು ಒಪ್ಪಂದಗಳಿಗೆ, ಸನ್ನದಿಗೆ ತಕ್ಕಂತೆ ನಡೆಸಿಕೊಳ್ಳಬೇಕು, ಮುಂದಿನ ಅಧಿವೇಶನಕ್ಕೆ ವರದಿ ಕೊಡಬೇಕು ಎಂದಷ್ಟೇ. ದಕ್ಷಿಣ ಆಫ್ರಿಕಾ ಅದನ್ನು ಪಾಲಿಸಲಿಲ್ಲ. ಆದರೆ ಒಂದು ದೇಶ ತನ್ನೊಳಗಿನ ಜನರನ್ನು ಬಣ್ಣ ನೋಡಿ ನಡೆಸಿಕೊಂಡರೆ ಹೊರಗಿನವರು ಕೇಳಬಹುದು ಎಂಬುದಕ್ಕೆ ಮೊದಲ ದಾರಿ ಅಲ್ಲಿ ತೆರೆಯಿತು. ನಂತರದ ನಲವತ್ತು ವರ್ಷ ಆ ದಾರಿಯಲ್ಲಿ ಬಹಳ ದೇಶಗಳು ನಡೆದವು.

ನಮ್ಮವರ ದೂರಿನಿಂದ ಎಲ್ಲರ ದೂರಿಗೆ

1948ರ ಚುನಾವಣೆಯಲ್ಲಿ ಸ್ಮಟ್ಸ್ ಸೋತರು. ಗೆದ್ದ ನ್ಯಾಷನಲ್ ಪಾರ್ಟಿ ತಂದ ವ್ಯವಸ್ಥೆಯ ಹೆಸರು ಅಪಾರ್ಥೈಡ್, ಕನ್ನಡದಲ್ಲಿ ವರ್ಣಭೇದ ನೀತಿ. ಯಾರು ಎಲ್ಲಿ ಇರಬೇಕು, ಏನು ಓದಬೇಕು, ಯಾರನ್ನು ಮದುವೆಯಾಗಬೇಕು ಎಂಬುದೆಲ್ಲ ಚರ್ಮದ ಬಣ್ಣದ ಮೇಲೆ ಕಾನೂನಿನಿಂದಲೇ ತೀರ್ಮಾನವಾಗುತ್ತಿತ್ತು. 1950ರಲ್ಲಿ ಮಾತುಕತೆಗೆ ಒಮ್ಮೆ ಕೂತರಾದರೂ, ಅದೇ ವರ್ಷ ಬಂದ ವಾಸಸ್ಥಳ ವಿಂಗಡಣೆಯ ಕಾನೂನು ಅದನ್ನು ಮುಗಿಸಿಬಿಟ್ಟಿತು.

ಇಲ್ಲಿ ಭಾರತದ ನಿಲುವಿನಲ್ಲಿ ಒಂದು ದೊಡ್ಡ ಬದಲಾವಣೆ ಇದೆ. 1946ರ ದೂರು ಅಲ್ಲಿನ ಭಾರತೀಯರ ಬಗ್ಗೆ ಮಾತ್ರ ಇತ್ತು. ಆದರೆ ಆ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ನರಳುತ್ತಿದ್ದವರು ಕಪ್ಪು ಜನ. 1949ರ ಜನವರಿಯಲ್ಲಿ ಡರ್ಬನ್ನಿನಲ್ಲಿ ಆಫ್ರಿಕನ್ನರು ಮತ್ತು ಭಾರತೀಯರ ನಡುವೆ ಗಲಭೆಯಾಗಿ 142 ಜನ ಸತ್ತರು. ಭಾರತೀಯರು ತಮ್ಮದಷ್ಟನ್ನೇ ನೋಡಿಕೊಂಡರೆ ಅಲ್ಲಿ ಬಾಳುವುದು ಕಷ್ಟ ಎಂಬುದು ಎರಡೂ ಕಡೆಯ ನಾಯಕರಿಗೆ ಗೊತ್ತಿತ್ತು. ಅಲ್ಲಿನ ಭಾರತೀಯರು ಆಫ್ರಿಕನ್ನರ ಜೊತೆ ನಿಲ್ಲಬೇಕು ಎಂದು ನೆಹರೂ ಹೇಳುತ್ತಲೇ ಬಂದರು. 1952ರಲ್ಲಿ ಭಾರತ ಮತ್ತು ಇತರ 12 ಏಷ್ಯಾ, ಆಫ್ರಿಕಾ ದೇಶಗಳು ಸೇರಿ ವರ್ಣಭೇದ ನೀತಿಯನ್ನೇ ವಿಶ್ವಸಂಸ್ಥೆಯ ಮುಂದಿಟ್ಟವು.

1954ರಲ್ಲಿ ಅಲ್ಲಿನ ಭಾರತದ ಕಚೇರಿಗೆ ಬೀಗ ಬಿತ್ತು. 1961ರಲ್ಲಿ ದಕ್ಷಿಣ ಆಫ್ರಿಕಾ ಗಣರಾಜ್ಯವಾಗಿ, ಟೀಕೆ ತಾಳಲಾರದೆ ಕಾಮನ್‌ವೆಲ್ತ್ ಬಿಟ್ಟು ಹೋಯಿತು. ಆ ದೇಶದ ಜೊತೆ ಸಂಬಂಧ ಕಡಿಯಿರಿ, ಸರಕು ಕೊಳ್ಳಬೇಡಿ ಎಂದು ವಿಶ್ವಸಂಸ್ಥೆಯ ಮಹಾಸಭೆ ಎಲ್ಲ ದೇಶಗಳನ್ನು ಕೇಳಿದ್ದು 1962ರಲ್ಲಿ. ಭಾರತ ವ್ಯಾಪಾರ ನಿಲ್ಲಿಸಿ ಅಷ್ಟು ಹೊತ್ತಿಗೆ 16 ವರ್ಷ ಆಗಿತ್ತು.

ವ್ಯಾಪಾರ ನಿಲ್ಲಿಸಿದ್ದರಿಂದ ದಕ್ಷಿಣ ಆಫ್ರಿಕಾ ಮಣಿಯಿತೇ? ಒಂಟಿ ದೇಶದ ಬಹಿಷ್ಕಾರಕ್ಕೆ ಅಷ್ಟು ಬಲ ಇರುವುದಿಲ್ಲ. ಪಶ್ಚಿಮದ ದೊಡ್ಡ ದೇಶಗಳು ಎಂಬತ್ತರ ದಶಕದವರೆಗೂ ಅದರ ಜೊತೆ ವ್ಯಾಪಾರ ಮಾಡುತ್ತಲೇ ಇದ್ದವು. ಆ ಹಣ, ಆ ಸಾಲ ನಿಲ್ಲತೊಡಗಿದ ಮೇಲೆಯೇ ಬಿಸಿ ಮುಟ್ಟಿದ್ದು. ಸರ್ಕಾರದ ಜೊತೆ ಮಾತು ಬಿಟ್ಟ ಭಾರತ, ಹೋರಾಟಗಾರರ ಜೊತೆ ಮಾತ್ರ ಹತ್ತಿರವಾಗುತ್ತ ಹೋಯಿತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಮಂಡೇಲಾ ಅವರ ಎಎನ್‌ಸಿ ಪಕ್ಷ, 1967ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. 1979ರ ನೆಹರೂ ಪ್ರಶಸ್ತಿ ಜೈಲಿನಲ್ಲಿದ್ದ ಮಂಡೇಲಾ ಅವರಿಗೆ ಹೋಯಿತು.

ಆಡದೆ ಬಿಟ್ಟ ಫೈನಲ್, ಮೊದಲು ಆಡಿದ ಪಂದ್ಯ

ಸಾಮಾನ್ಯ ಜನರಿಗೆ ಈ ಬಹಿಷ್ಕಾರ ಕಣ್ಣಿಗೆ ಕಂಡದ್ದು ಆಟದಲ್ಲಿ. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ಭಾರತದ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ಗೆಲ್ಲುವ ಅವಕಾಶ ಚೆನ್ನಾಗಿಯೇ ಇತ್ತು. ಸರ್ಕಾರ ಆಡಬೇಡಿ ಎಂದಿತು. ಕಪ್ ಆಡದೆಯೇ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಭಾರತ ಇವತ್ತಿಗೂ ಡೇವಿಸ್ ಕಪ್ ಗೆದ್ದಿಲ್ಲ.

ಹತ್ತಿರ ಬಂದಾಗಲೂ ಆಟವೇ ಮುಂದೆ ಬಂತು. 1990ರ ಫೆಬ್ರುವರಿಯಲ್ಲಿ ಮಂಡೇಲಾ ಬಿಡುಗಡೆಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ ಯಾವ ಸರ್ಕಾರಿ ಹುದ್ದೆಯೂ ಇರಲಿಲ್ಲ. ಆದರೂ ಭಾರತ ರತ್ನ ಕೊಟ್ಟರು. 1991ರ ನವೆಂಬರ್ 10ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕ್ಲೈವ್ ರೈಸ್ ನಾಯಕತ್ವದ ತಂಡ ಭಾರತದ ಎದುರು ಆಡಿತು. 21 ವರ್ಷದ ನಿಷೇಧ ಮುಗಿದ ಮೇಲೆ ದಕ್ಷಿಣ ಆಫ್ರಿಕಾ ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. ಭಾರತದ ಎದುರು ಆಡಿದ್ದಂತೂ ಅದೇ ಮೊದಲು. ಹಳೆಯ ದಿನಗಳಲ್ಲಿ ಅವರು ಬಿಳಿಯ ದೇಶಗಳ ಜೊತೆ ಮಾತ್ರ ಟೆಸ್ಟ್ ಆಡುತ್ತಿದ್ದರು.

ಮರುವರ್ಷ ಅಜರುದ್ದೀನ್ ತಂಡ ಅಲ್ಲಿಗೆ ಹೋಯಿತು. ಜೋಹಾನ್ಸ್‌ಬರ್ಗ್ ಟೆಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 53 ರನ್ನಿಗೆ 6 ವಿಕೆಟ್ ಕಿತ್ತರು. ಕ್ರಿಕೆಟ್ ಪ್ರಿಯರಿಗೆ ಇದು ನೆನಪಿರಬಹುದು. ಆದರೆ ಆ ದಿನ ಎರಡು ದೇಶಗಳ ನಡುವೆ ಅಧಿಕೃತ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಬೀಗ ತೆಗೆದದ್ದು

ಮಂಡೇಲಾ ಹೊರಬಂದ ಕೂಡಲೇ ಭಾರತ ಕಚೇರಿ ತೆರೆಯಲಿಲ್ಲ ಏಕೆ? ಬಿಡುಗಡೆ ಒಂದು ಆರಂಭ ಅಷ್ಟೆ. ಎಲ್ಲರಿಗೂ ಮತದ ಹಕ್ಕು ಸಿಗುವುದು ಖಚಿತವಾಗುವವರೆಗೆ ಒತ್ತಡ ಸಡಿಲಿಸಬೇಡಿ ಎಂದು ಎಎನ್‌ಸಿಯೇ ಕೇಳಿಕೊಂಡಿತ್ತು. ಚುನಾವಣೆಗೆ ದಾರಿ ಸಿದ್ಧವಾದ ಮೇಲೆ, 1993ರ ಸೆಪ್ಟೆಂಬರ್‌ನಲ್ಲಿ, ಆರ್ಥಿಕ ನಿರ್ಬಂಧಗಳನ್ನು ಇನ್ನು ತೆಗೆಯಬಹುದು ಎಂದು ಮಂಡೇಲಾ ಅವರೇ ವಿಶ್ವಸಂಸ್ಥೆಯಲ್ಲಿ ಹೇಳಿದರು. ಎರಡು ತಿಂಗಳಲ್ಲಿ ಅಲ್ಲಿನ ವಿದೇಶಾಂಗ ಸಚಿವ ಪಿಕ್ ಬೋಥಾ ದೆಹಲಿಗೆ ಬಂದರು. ಸಂಬಂಧ ಮತ್ತೆ ಶುರುವಾಯಿತು. ಬೋಥಾ ಇನ್ನೂ ಹಳೆಯ ಬಿಳಿಯರ ಸರ್ಕಾರದ ಸಚಿವರೇ ಆಗಿದ್ದರು. 1994ರ ಮೇ ತಿಂಗಳಲ್ಲಿ, ಮಂಡೇಲಾ ಅಧ್ಯಕ್ಷರಾದ ಹೊತ್ತಿಗೆ, ಪ್ರಿಟೋರಿಯಾದಲ್ಲಿ ಭಾರತದ ಹೈಕಮಿಷನ್ ಬಾಗಿಲು ತೆರೆಯಿತು.

1997ರ ಮಾರ್ಚ್‌ನಲ್ಲಿ ಮಂಡೇಲಾ ಮತ್ತೆ ದೆಹಲಿಗೆ ಬಂದಾಗ ಪ್ರಧಾನಿಯಾಗಿದ್ದವರು ಎಚ್.ಡಿ. ದೇವೇಗೌಡರು. ಇಬ್ಬರೂ ಸೇರಿ ಸಹಿ ಹಾಕಿದ ದಾಖಲೆಗೆ 'ಕೆಂಪುಕೋಟೆ ಘೋಷಣೆ' ಎಂದು ಹೆಸರು. ವ್ಯಾಪಾರ, ರಕ್ಷಣೆ, ವಿಶ್ವಸಂಸ್ಥೆಯ ಸುಧಾರಣೆ ಹೀಗೆ ಹಲವು ವಿಷಯಗಳಲ್ಲಿ ಒಟ್ಟಿಗೆ ನಡೆಯುತ್ತೇವೆ ಎಂಬ ಮಾತು ಅದರಲ್ಲಿದೆ. ಇವತ್ತಿಗೂ ಎರಡು ದೇಶಗಳ ಅಧಿಕಾರಿಗಳು ಸಂಬಂಧದ ತಳಪಾಯ ಎಂದು ತೋರಿಸುವುದು ಇದನ್ನೇ.

ಹತ್ತಿರವಾದರೂ ಎಲ್ಲದಕ್ಕೂ ಹೂಂ ಅನ್ನಲಿಲ್ಲ

ಹಳೆಯ ಋಣ ಇದೆ ಎಂದು ದಕ್ಷಿಣ ಆಫ್ರಿಕಾ ಭಾರತ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಅದು ಹಿಂದೆ ಗುಟ್ಟಾಗಿ ಆರು ಅಣುಬಾಂಬ್ ತಯಾರಿಸಿ, ಆಮೇಲೆ ತಾನೇ ಬಿಚ್ಚಿಹಾಕಿದ ದೇಶ. ಹಾಗಾಗಿ 1998ರ ಪೋಖ್ರಾನ್ ಪರೀಕ್ಷೆ ಅದಕ್ಕೆ ಹಿಡಿಸಲಿಲ್ಲ. ಅದೇ ವರ್ಷ ಡರ್ಬನ್ನಿನ ಅಲಿಪ್ತ ದೇಶಗಳ ಸಭೆಯಲ್ಲಿ ಮಂಡೇಲಾ ಜಮ್ಮು-ಕಾಶ್ಮೀರದ ಮಾತೆತ್ತಿದಾಗ ಪ್ರಧಾನಿ ವಾಜಪೇಯಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಹೈಕಮಿಷನರನ್ನು ವಾಪಸ್ ಕರೆಸುವ ಮಾತು ಮಾತ್ರ ಯಾರೂ ಆಡಲಿಲ್ಲ.

ಈಗ ಇಬ್ಬರೂ ಜಾಸ್ತಿ ಭೇಟಿಯಾಗುವುದು ಕೂಟಗಳಲ್ಲಿ. 2003ರಲ್ಲಿ ಬ್ರೆಜಿಲ್ ಜೊತೆ ಸೇರಿ ಇಬ್ಸಾ ಎಂಬ ಮೂವರ ಗುಂಪು ಮಾಡಿಕೊಂಡರು. 2010ರ ಕೊನೆಗೆ ದಕ್ಷಿಣ ಆಫ್ರಿಕಾವನ್ನು ಬ್ರಿಕ್ಸ್ ಕೂಟಕ್ಕೆ ಕರೆದರು. ಅದರ 2026ರ ಅಧ್ಯಕ್ಷತೆ ಭಾರತದ್ದು. ಅಲ್ಲಿಂದ ನಮಗೆ ಬರುವುದು ಕಲ್ಲಿದ್ದಲು, ಚಿನ್ನ. ಇಲ್ಲಿಂದ ಹೋಗುವುದು ಕಾರು, ಔಷಧಿ. 2023ರ ಫೆಬ್ರುವರಿಯಲ್ಲಿ 12 ಚೀತಾಗಳು ಅಲ್ಲಿಂದ ಮಧ್ಯಪ್ರದೇಶದ ಕುನೊಗೆ ಬಂದವು. ಅಲ್ಲಿನ 2022ರ ಜನಗಣತಿ ಪ್ರಕಾರ 6.2 ಕೋಟಿ ಜನರಲ್ಲಿ ಶೇ 2.7 ಮಂದಿ ಭಾರತೀಯ ಅಥವಾ ಏಷ್ಯಾ ಮೂಲದವರು. ಅವರಲ್ಲಿ ಕಬ್ಬಿನ ತೋಟಕ್ಕೆ ಹೋದವರ ಮರಿಮಕ್ಕಳೇ ಹೆಚ್ಚು.

ಎರಡೂ ದೇಶಗಳು ಜೊತೆಯಾಗಿ ಇತ್ತೀಚೆಗೆ ಮಾಡಿದ ದೊಡ್ಡ ಕೆಲಸ ಕೋವಿಡ್ ಕಾಲದ್ದು. 2020ರ ಅಕ್ಟೋಬರ್‌ನಲ್ಲಿ ಇಬ್ಬರೂ ಸೇರಿ ವಿಶ್ವ ವ್ಯಾಪಾರ ಸಂಘಟನೆಗೆ ಒಂದು ಪ್ರಸ್ತಾಪ ಕೊಟ್ಟರು. ಲಸಿಕೆ, ಔಷಧಿ, ಪರೀಕ್ಷಾ ಕಿಟ್‌ಗಳ ಮೇಲಿನ ಪೇಟೆಂಟ್ ಹಕ್ಕನ್ನು ಸ್ವಲ್ಪ ಕಾಲ ಬದಿಗಿಡಿ, ಬಡ ದೇಶಗಳೂ ತಯಾರಿಸಿಕೊಳ್ಳಲಿ ಎಂಬುದು ಅದರ ಸಾರ. ನೂರಕ್ಕೂ ಹೆಚ್ಚು ದೇಶಗಳು ಬೆಂಬಲಿಸಿದವು, ಔಷಧ ಕಂಪನಿಗಳಿರುವ ಶ್ರೀಮಂತ ದೇಶಗಳು ತಡೆದವು. 2022ರ ಜೂನ್‌ನಲ್ಲಿ ಲಸಿಕೆಗೆ ಮಾತ್ರ ಒಂದಿಷ್ಟು ಸಡಿಲಿಕೆ ಸಿಕ್ಕಿತು. ಔಷಧಿ ಮತ್ತು ಕಿಟ್‌ಗಳ ವಿಷಯವನ್ನು ಆರು ತಿಂಗಳಲ್ಲಿ ತೀರ್ಮಾನಿಸುವುದಾಗಿ ಹೇಳಿದ್ದರು. ಗಡುವು ಮುಂದೆ ಹೋಗುತ್ತಲೇ ಇತ್ತು. 2024ರವರೆಗೂ ಎಳೆದಾಡಿ, ಒಮ್ಮತ ಸಿಗದೆ ಅದನ್ನು ಅಲ್ಲಿಗೇ ಬಿಟ್ಟರು.